ನಿದ್ದೆಪ್ಪನ ಆಕಳಿಕೆ

ಸೀಟು ಮೇಷ್ಟ್ರ ಶೆಡ್ಡಿಗೆ ಬಾಕ್ಸಿಂಗ್ ಕಲಿಯಲು ಬಂದವರಿಗೆ ಮೊದಲ ದಿನ ಗ್ಲೌಸು ಸಿಗುವುದಿಲ್ಲ. ಎತ್ತರ, ತೂಕ ಬರೆದುಕೊಂಡ ಮೇಲೆ ಮೇಷ್ಟ್ರು ಒಂದೇ ಒಂದು ಪ್ರಶ್ನೆ ಕೇಳುತ್ತಾರೆ: "ಭಯ ಆದಾಗ ನಿನ್ನ ಮೈ ಏನ್ಮಾಡುತ್ತೆ?" ಬಂದವರು ಬೆಪ್ಪಾಗುತ್ತಾರೆ. ಹೊಡೆಯುವುದನ್ನು ಕಲಿಯಲು ಬಂದವರ ಮುಂದೆ ಭಯದ ಮಾತೆತ್ತಿದರೆ ಇನ್ನೇನಾದೀತು? ಕೆಲವರು ಎದೆಯುಬ್ಬಿಸಿ, ನನಗೆ ಭಯವೇ ಆಗುವುದಿಲ್ಲ ಎನ್ನುತ್ತಾರೆ. ಅಂಥವರನ್ನು ಸ್ಟೂಲಿನ ಮೇಲೆ ಕೂರಿಸಿ, ಯೋಚನೆ ಮಾಡಿ ಹೇಳು ಎಂದು ಮೇಷ್ಟ್ರು ತಮ್ಮ ಕೆಲಸಕ್ಕೆ ಮರಳುತ್ತಾರೆ. ಒಬ್ಬ ಮೂರು ಸಂಜೆ ಹಾಗೇ ಕೂತಿದ್ದನಂತೆ.

ಈ ಪ್ರಶ್ನೆ ಮೊದಲಿನಿಂದ ಇದ್ದದ್ದಲ್ಲ. ಅದು ಹೊಳೆಯುವ ಹೊತ್ತಿಗೆ ಮೇಷ್ಟ್ರಿಗೆ ಐವತ್ತು ದಾಟಿತ್ತು, ಕೇಳಲೇಬೇಕಾಗಿದ್ದ ಒಬ್ಬನನ್ನು ಕೇಳದೆ ಇಪ್ಪತ್ತೆರಡು ವರ್ಷ ಕಳೆದುಹೋಗಿತ್ತು.

ಹೆಸರಿಗೆ ಮೇಷ್ಟ್ರು, ಶಾಲೆಯ ಮೆಟ್ಟಿಲು ಹತ್ತಿದ್ದು ಏಳೇ ವರ್ಷ. ಬಸ್ಸು ಲಾರಿಗಳ ಸೀಟಿಗೆ ರೆಕ್ಸಿನ್ ಹೊಲಿಯುವುದು ಅವರ ಕಸುಬು. ಸಂಜೆ ಐದಕ್ಕೆ ಹೊಲಿಗೆ ಮೆಷಿನ್ನುಗಳನ್ನು ಗೋಡೆಗೆ ಸರಿಸಿ, ಸ್ಪಂಜಿನ ಚೂರುಗಳನ್ನು ಗುಡಿಸಿದರೆ ಅದೇ ಶೆಡ್ಡು ಬಾಕ್ಸಿಂಗ್ ಕ್ಲಬ್ಬಾಗುತ್ತದೆ. ಗುದ್ದುವ ಚೀಲಗಳನ್ನು ಹಳೇ ಸೀಟುಗಳ ರೆಕ್ಸಿನ್ನಿನಲ್ಲಿ ಅವರೇ ಹೊಲಿದಿದ್ದಾರೆ. ಒಂದರ ಮೇಲೆ 'ಹಿರಿಯ ನಾಗರಿಕರಿಗೆ' ಎಂಬ ಅಕ್ಷರಗಳು ಇನ್ನೂ ಅಳಿಸಿಲ್ಲ. ಕಲಿಯುವವರೆಲ್ಲ ದಿನಾ ಅದಕ್ಕೇ ಜೋರಾಗಿ ಗುದ್ದುತ್ತಾರೆ.

ಮೇಷ್ಟ್ರು ಸ್ವತಃ ದೊಡ್ಡ ಆಟಗಾರರೇನೂ ಆಗಿರಲಿಲ್ಲ. ಆಡಿದ್ದು ಮೂರು ಪಂದ್ಯ. ಮೂರನೆಯದರಲ್ಲಿ ಗಂಟೆ ಹೊಡೆಯುವ ಮೊದಲೇ ಕೈಕಾಲು ತಣ್ಣಗಾಗಿ, ತುಂಬಿದ ಸಭೆಯೆದುರು ರಿಂಗಿನ ಮೂಲೆಯಲ್ಲಿ ವಾಂತಿ ಮಾಡಿಕೊಂಡರು. ನೋಡುತ್ತಿದ್ದವರ ನಗು ಎಷ್ಟೋ ದಿನ ಅವರ ಕಿವಿಯಲ್ಲಿತ್ತು. ಆದರೆ ಅವಮಾನದಿಂದ ಒಂದು ವಿದ್ಯೆ ದಕ್ಕಿತು. ಯಾರ ಭಯ ಎಲ್ಲಿ ಅಡಗಿದೆ ಎಂದು ಮುಖ ನೋಡಿ ಹೇಳಬಲ್ಲವರಾದರು. ಒಬ್ಬನಿಗೆ ಕೈ ನಡುಗುತ್ತಿತ್ತು. ಗ್ಲೌಸಿನೊಳಗೆ ಸುತ್ತುವ ಅವನ ಕೈಪಟ್ಟಿಯನ್ನು ಬೇಕೆಂದೇ ಎರಡು ಸಲ ಬಿಚ್ಚಿ ಕಟ್ಟಿ ಹೊತ್ತು ಕಳೆಯುತ್ತಿದ್ದರು. ಒಬ್ಬಳು ಪಂದ್ಯಕ್ಕೆ ಮುಂಚೆ ರೇಡಿಯೋದ ಹಾಗೆ ಒಂದೇ ಸಮ ಮಾತಾಡುತ್ತಿದ್ದಳು. ಅವಳಿಗೆ ನೂರರಿಂದ ಹಿಂದಕ್ಕೆ ಎಣಿಸುವ ಕೆಲಸ. ಏಳು ಸಲ ಶೌಚಕ್ಕೆ ಓಡುವವನೊಬ್ಬನಿದ್ದ. ಎಂಟನೇ ಸಲ ಮೇಷ್ಟ್ರೇ ಜೊತೆಗೆ ಹೋಗಿ ಬಾಗಿಲ ಬಳಿ ನಿಲ್ಲುತ್ತಿದ್ದರು. ಎಲ್ಲರಿಗೂ ಸಾಮಾನ್ಯವಾದ ಮದ್ದೂ ಒಂದಿತ್ತು. ಎರಡೂ ಕೈ ಹಿಡಿದುಕೊಂಡು, ಮೂಗಿನಿಂದ ಉಸಿರು ತಗೋ, ನಾಲ್ಕು ಎಣಿಸು, ಬಾಯಿಂದ ಬಿಡು ಎಂದು ಮೆಲ್ಲಗೆ ಹೇಳುವುದು. ಅವರ ಶೆಡ್ಡಿನಿಂದ ಹೋದವರು ಸೋತರೂ ಹೆದರಿ ಸೋಲುವುದಿಲ್ಲ ಎಂದು ಬೇರೆ ಕ್ಲಬ್ಬಿನವರೂ ಒಪ್ಪುತ್ತಿದ್ದರು.

ಆ ಮದ್ದು ಒಮ್ಮೆಯೂ ಸಿಗದಿದ್ದವನು ಅವರ ಸ್ವಂತ ತಮ್ಮ. ಅಪ್ಪ ಅಮ್ಮ ಬೇಗ ಹೋದದ್ದರಿಂದ, ಹನ್ನೆರಡು ವರ್ಷ ಚಿಕ್ಕವನಾದ ಅವನನ್ನು ಮೇಷ್ಟ್ರೂ ಅವರ ಹೆಂಡತಿಯೂ ಸಾಕಿದರು. ಶೆಡ್ಡಿನಲ್ಲಿ ಅವನಷ್ಟು ಚುರುಕಾದ ಕೈ ಇನ್ನೊಬ್ಬರಿಗಿರಲಿಲ್ಲ. ಆದರೆ ಪಂದ್ಯ ಹತ್ತಿರ ಬಂದರೆ ಸಾಕು, ಗೋಡೆಗೊರಗಿ ಆಕಳಿಸಲು ಶುರು ಮಾಡುತ್ತಿದ್ದ. ಒಂದಲ್ಲ ಎರಡಲ್ಲ, ದವಡೆ ಕಳಚಿಬೀಳುವಂಥ ಆಕಳಿಕೆಗಳು, ಕಣ್ಣಲ್ಲಿ ನೀರು ಬರುವಷ್ಟು. ಶೆಡ್ಡಿನವರು ಅವನಿಗೆ ನಿದ್ದೆಪ್ಪ ಎಂದು ಹೆಸರಿಟ್ಟರು. ನಿದ್ದೆಪ್ಪ ಆಕಳಿಸುತ್ತಲೇ ರಿಂಗು ಹತ್ತಿ, ಗೆದ್ದು ಇಳಿಯುತ್ತಿದ್ದ. ಮೇಷ್ಟ್ರಿಗೆ ಅದು ಧಿಮಾಕಿನಂತೆ ಕಂಡಿತು. ಪಂದ್ಯವೆಂದರೆ ತಾವು ಹೊಟ್ಟೆ ತೊಳಸಿ ಸಾಯುತ್ತಿದ್ದೆವು, ಇವನಿಗೆ ನಿದ್ದೆ ಬರುತ್ತದಲ್ಲ ಎಂಬ ಸಣ್ಣ ಹೊಟ್ಟೆಕಿಚ್ಚೂ ಅದರ ಜೊತೆ ಇತ್ತು. ಇದನ್ನು ಅವರು ಒಪ್ಪಿಕೊಂಡದ್ದು ಬಹಳ ತಡವಾಗಿ.

ತಮ್ಮನಿಗೆ ಹತ್ತೊಂಬತ್ತಾದಾಗ ದೊಡ್ಡ ಪಂದ್ಯಾವಳಿಯ ಫೈನಲ್ ತಲುಪಿದ. ಗೆದ್ದರೆ ರಾಷ್ಟ್ರೀಯ ತಂಡದ ಶಿಬಿರಕ್ಕೆ ಕರೆ ಬರುವುದು ಖಚಿತವಿತ್ತು. ಅಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಮೇಷ್ಟ್ರಿಗೇ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ತಮ್ಮನೋ ಗ್ಲೌಸು ಹಾಕಿಕೊಂಡು ಬೆಂಚಿನ ಮೇಲೆ ಕೂತು ಒಂದರ ಹಿಂದೊಂದು ಆಕಳಿಸುತ್ತಿದ್ದ. ಆ ದಾರಿಯಲ್ಲಿ ಹೋಗುತ್ತಿದ್ದ ಎದುರಾಳಿಯ ತರಬೇತುದಾರ ನಿಂತು, ಹಾಸಿಗೆ ದಿಂಬು ಏನಾದರೂ ತರಿಸೋಣವಾ ಎಂದು ಕೇಳಿದ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮೇಷ್ಟ್ರ ಕಿವಿಗೆ ಅದು ತಾವು ಆಡಿದ್ದ ಮೂರನೇ ಪಂದ್ಯದ ನಗುವಿನಂತೆಯೇ ಕೇಳಿಸಿತು.

ತಲೆ ಕೆಟ್ಟುಹೋಯಿತು. ಸೀದಾ ಹೋಗಿ ತಮ್ಮನ ಗ್ಲೌಸಿನ ದಾರ ಬಿಚ್ಚತೊಡಗಿದರು. ಮೆಲ್ಲಗೆ ಬಿಚ್ಚಲೂ ಇಲ್ಲ, ಎಳೆದು ಕಿತ್ತರು. "ಇಷ್ಟು ನಿದ್ದೆ ಬರ್ತಿದ್ರೆ ಮನೆಗೆ ಹೋಗಿ ಮಲಕ್ಕೋ. ಈ ಆಟಕ್ಕೆ ಮರ್ಯಾದೆ ಕೊಡೋಕೆ ಬರದವ್ನು ನನ್ನ ಕಡೆಯಿಂದ ಆಡೋದು ಬೇಡ," ಎಂದು ಎಲ್ಲರೆದುರು ಹೇಳಿ, ಅಧಿಕಾರಿಗಳ ಮೇಜಿಗೆ ಹೋಗಿ ಹೆಸರು ವಾಪಸು ಪಡೆದರು. ಹುಡುಗ ಕೈಪಟ್ಟಿಗಳನ್ನು ಬಿಚ್ಚಿ, ಮೇಷ್ಟ್ರು ಕಲಿಸಿದ್ದ ಹಾಗೆಯೇ ಅಚ್ಚುಕಟ್ಟಾಗಿ ಸುತ್ತಿ, ಬೆಂಚಿನ ಮೇಲಿಟ್ಟು ಹೊರಗೆ ಹೋದ.

ಮತ್ತೆಂದೂ ಗ್ಲೌಸು ಮುಟ್ಟಲಿಲ್ಲ. ಕೆಲವು ತಿಂಗಳು ಸೀಟು ಹೊಲಿದ, ಆಮೇಲೆ ಲಿಫ್ಟ್ ರಿಪೇರಿ ಕಲಿತು ಬೇರೆ ಮನೆ ಮಾಡಿದ. ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಎಷ್ಟೋ ಸಲ ಅನಿಸಿದೆ. ಬರುತ್ತಿದ್ದ, ಅತ್ತಿಗೆಯ ಜೊತೆ ಅಡುಗೆಮನೆಯಲ್ಲಿ ಕೂತು ಗಂಟೆಗಟ್ಟಲೆ ನಗುತ್ತಿದ್ದ, ಅಣ್ಣ ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದ. ಅಣ್ಣ, ಊಟ ಆಯ್ತಾ, ಕೆಲಸ ಹೇಗಿದೆ, ಅಷ್ಟೇ ಮಾತು. ಶೆಡ್ಡಿನ ಮುಂದೆ ಹಾದುಹೋಗುವಾಗಲೂ ಒಳಗೆ ಇಣುಕುತ್ತಿರಲಿಲ್ಲ. ಅವನಿಗೇ ಬೇಡವಾದದ್ದನ್ನು ನಾನೇಕೆ ಕೆದಕಲಿ ಎಂದು ಮೇಷ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಇಂಥ ಸಮಾಧಾನ ಎಷ್ಟು ಹೇಳಿಕೊಂಡರೂ ಸಾಲುವುದಿಲ್ಲ.

ಹೀಗೇ ಇಪ್ಪತ್ತೆರಡು ವರ್ಷ ಕಳೆದ ಮೇಲೆ ಮೇಷ್ಟ್ರ ಹೆಂಡತಿಗೆ ಹೃದಯದ ಆಪರೇಶನ್ ಆಗಬೇಕಾಗಿ ಬಂತು. ಬೆಳಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಮೇಷ್ಟ್ರು ಹೊರಗೆ ರೆಕ್ಸಿನ್ ಹೊದಿಸಿದ ಕುರ್ಚಿಯಲ್ಲಿ ಕೂತರು. ಸೀಟಿನ ಹೊಲಿಗೆ ಒಂದು ಕಡೆ ಬಿಟ್ಟಿರುವುದನ್ನು ಕಂಡು, ಬೆರಳಿನಿಂದ ಅದನ್ನೇ ಒತ್ತುತ್ತಾ ಇದ್ದರು. ಎದೆ ಢವಢವ ಬಡಿದುಕೊಳ್ಳುತ್ತಿತ್ತು, ಅಂಗೈ ಒದ್ದೆಯಾಗಿತ್ತು. ಆಗ ಒಂದು ಆಕಳಿಕೆ ಬಂತು. ಅದು ಮುಗಿಯುವುದರೊಳಗೆ ಇನ್ನೊಂದು. ಬಾಯಿ ಬಿಗಿಹಿಡಿದರೂ ದವಡೆ ತಾನಾಗಿ ತೆರೆದುಕೊಳ್ಳುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು.

ಓಡಾಡುತ್ತಿದ್ದ ನರ್ಸಮ್ಮ ನೋಡಿ ಕನಿಕರದಿಂದ, ಇನ್ನೂ ತುಂಬಾ ಹೊತ್ತು ಆಗುತ್ತದೆ, ನಿದ್ದೆ ಬರುತ್ತಿದ್ದರೆ ಕೆಳಗೆ ಹೋಗಿ ಸ್ವಲ್ಪ ಮಲಗಿ ಬನ್ನಿ ಎಂದಳು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಹೆಂಡತಿಯ ಎದೆ ಸೀಳಿ ಇಟ್ಟಿರುವಾಗ ಯಾವನಿಗಾದರೂ ನಿದ್ದೆ ಬಂದೀತೇ, ಇವಳಿಗೆ ಅಷ್ಟೂ ತಿಳಿಯಬಾರದೇ ಎಂದು ಬೈಯಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಉಳಿಯಿತು. ಬೆಂಚಿನ ಮೇಲೆ ಗ್ಲೌಸು ಹಾಕಿಕೊಂಡು ಕೂತವನು ಕಣ್ಣ ಮುಂದೆ ಬಂದಿದ್ದ. ತಾವು ಏನು ಮಾಡಿಬಿಟ್ಟೆವು ಎಂಬುದು ಅವರಿಗೆ ಆಗಲೇ ತಿಳಿದದ್ದು.

ಒಂಬತ್ತರ ಹೊತ್ತಿಗೆ ತಮ್ಮ ಬಂದ. ಕೆಲಸದ ಬಟ್ಟೆಯಲ್ಲೇ ಇದ್ದ, ಕೈಗೆ ಲಿಫ್ಟಿನ ಗ್ರೀಸು ಮೆತ್ತಿತ್ತು, ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು. ಅಣ್ಣನ ಪಕ್ಕ ಒಂದು ಕುರ್ಚಿ ಬಿಟ್ಟು ಕೂತ. ಕೂತು ಒಂದು ನಿಮಿಷವಾಗಿರಲಿಲ್ಲ, ಅವನೂ ಆಕಳಿಸಿದ. ಮೇಷ್ಟ್ರು ಅವನ ಮುಖ ನೋಡಲಾರದೆ ನೆಲ ನೋಡಿದರು. ಅವರಿಗೂ ಮತ್ತೆ ಆಕಳಿಕೆ ಬಂತು. ತಮ್ಮ ಎದ್ದು ನಡುವಿನ ಕುರ್ಚಿಗೆ ಬಂದು, ಅಣ್ಣನ ಎರಡೂ ಕೈ ಹಿಡಿದುಕೊಂಡ.

"ಅಣ್ಣ, ಮೂಗಿಂದ ಉಸಿರು ತಗೋ. ನಾಲ್ಕು ಎಣಿಸು. ಈಗ ಬಾಯಿಂದ ಬಿಡು."

ಮೇಷ್ಟ್ರು ಚಿಕ್ಕ ಮಗುವಿನ ಹಾಗೆ ಹೇಳಿದಂತೆ ಮಾಡಿದರು. ಹತ್ತು ಉಸಿರಾದ ಮೇಲೆ, ಇದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರು.

"ನೀನು ಬೇರೆಯವ್ರಿಗೆ ಹೇಳ್ತಿದ್ಯಲ್ಲ, ಪಕ್ಕದಲ್ಲಿ ಕೂತು ಕೇಳಿಸ್ಕೋತಿದ್ದೆ. ನನ್ನ ಸರದಿ ಬರುತ್ತೆ ಅಂತ."

ಆ ದಿನ ನಿನಗೆ ಭಯವಾಗಿತ್ತಾ ಎಂದು ಮೇಷ್ಟ್ರು ಕಷ್ಟಪಟ್ಟು ಕೇಳಿದರು. ಯಾವ ದಿನ ಎಂದು ತಮ್ಮ ಕೇಳಲಿಲ್ಲ. ಗ್ರೀಸು ಮೆತ್ತಿದ ತನ್ನ ಉಗುರುಗಳನ್ನು ನೋಡುತ್ತಾ ಹೇಳಿದ.

"ಯಾವತ್ತು ಆಗಿರ್ಲಿಲ್ಲ ಹೇಳು. ಅವತ್ತಂತೂ ಕಾಲಲ್ಲಿ ಜೀವನೇ ಇರ್ಲಿಲ್ಲ. ಊರಿನವ್ರ ಭಯ ಎಲ್ಲಾ ಮುಖ ನೋಡೇ ಹೇಳ್ತಿದ್ದೆ ನೀನು. ನಂದೂ ಗೊತ್ತಾಗಿದೆ, ಹೇಡಿ ಅಂತ್ಲೇ ಕಳಿಸ್ಬಿಟ್ಟೆ ಅಂದ್ಕೊಂಡಿದ್ದೆ."

"ಇಲ್ಲ ಕಣೋ," ಎಂದರು ಮೇಷ್ಟ್ರು. "ನಂಗೆ ಗೊತ್ತೇ ಆಗ್ಲಿಲ್ಲ. ನಿಂಗೆ ಭಯನೇ ಇಲ್ಲ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಆಪರೇಶನ್ ಕೋಣೆಯ ಬಾಗಿಲು ತೆರೆಯಿತು. ನರ್ಸಮ್ಮ ಹೊರಗೆ ಬಂದು, ಎಲ್ಲ ಸರಿಯಾಗಿ ನಡೆಯುತ್ತಿದೆ, ಇನ್ನು ಎರಡು ಗಂಟೆ ಎಂದು ಹೇಳಿ ಹೋದಳು. ತಮ್ಮನಿಗೆ ಮತ್ತೊಂದು ಆಕಳಿಕೆ ಬಂತು. ಕೈ ಅಡ್ಡ ಹಿಡಿದು ಅದನ್ನು ಮುಗಿಸಿಕೊಂಡು, ಕಣ್ಣೊರೆಸಿಕೊಂಡ. ಕೋಪದಿಂದಲ್ಲ, ಎಂದೋ ಕಳೆದುಹೋದ ವಸ್ತುವಿನ ಬಗ್ಗೆ ಮಾತಾಡುವ ಹಾಗೆ ಹೇಳಿದ:

"ಒಂದು ಮಾತು ಕೇಳ್ಬಹುದಿತ್ತಲ್ಲ, ಅಣ್ಣ."