ಏರಿದ ಅಂಕಿ

ಎಂಬತ್ತರ ದಶಕದ ಕೊನೆಯಲ್ಲಿ, ಮುಂಬಯಿಯ ಆಸ್ಪತ್ರೆಯೊಂದರಲ್ಲಿ, ನನಗೆ ಎಚ್‌ಐವಿ ಇದೆಯೆಂದು ತಿಳಿಯಿತು. ನೇಯ್ದ ಸೀರೆ ಮಾರಲು ಅಲ್ಲಿಗೆ ಹೋದಾಗ ನಾನು ಮಾಡಿದ ತಪ್ಪು ನನಗೆ ಗೊತ್ತಿತ್ತು. ಬೆಟಗೇರಿಗೆ ಬಂದು ಹೆಂಡತಿಗೆ ಹೇಳಿದೆ.

ಕೆಲವು ತಿಂಗಳ ನಂತರ ಇಬ್ಬರೂ ಪರೀಕ್ಷೆಗೆಂದು ಮುಂಬಯಿಗೆ ಹೋದೆವು. ಅವಳ ರಕ್ತದಲ್ಲಿ ರೋಗವಿರಲಿಲ್ಲ. ನನ್ನ ಚೀಟಿಯಲ್ಲಿ ಮಾತ್ರ ಒಂದು ಬಗೆಯ ಬಿಳಿ ರಕ್ತಕಣಗಳ ಲೆಕ್ಕ ಹಿಂದಿನ ಸಲದ ಮುನ್ನೂರರಿಂದ ನಾನೂರಕ್ಕೆ ಏರಿತ್ತು. ರೋಗವೇ ಅಷ್ಟು ಬೆಳೆದಿದೆ ಎಂದುಕೊಂಡೆ. ಅಲ್ಲಿನ ಡಾಕ್ಟರನ್ನು ಕೇಳಿದರೆ ರೋಗ ಹೇಗೆ ಬಂತೆಂಬ ಮಾತು ಮತ್ತೆ ಏಳುತ್ತದೆಂದು ನಾಚಿ, ಚೀಟಿಯನ್ನು ಜೇಬಿಗಿಟ್ಟುಕೊಂಡೆ. ಊರಿಗೆ ಬಂದ ಮೇಲೆ ಊಟ ಸೇರಲಿಲ್ಲ.

ಹೆಂಡತಿ ಕೊನೆಗೆ ಬಾಯಿ ಬಿಡಿಸಿ, ಗದುಗಿನ ನಮ್ಮ ಹಳೆಯ ಡಾಕ್ಟರ ಬಳಿಗೆ ಕರೆದೊಯ್ದಳು. ನಾನು ಚೀಟಿಯನ್ನು ಅವರ ಮೇಜಿನ ಮೇಲಿಟ್ಟೆ. ಅವಳೇ ಕೇಳಿದಳು:

"ಸಾಹೇಬ್ರ, ಈ ಅಂಕಿ ಏರೇತ್ರಿ. ಇವ್ರ ರೋಗ ಹೆಚ್ಚಾಗೇತೇನ್ರಿ?"

"ಇಲ್ಲವ್ವಾ. ಇವು ರೋಗ ತಡಿಯೂ ಕಣ. ಕಡಿಮಿ ಆದ್ರ ಚಿಂತಿ ಮಾಡಬೇಕು. ಹಂಗಂತ ಒಂದ ಸಲ ಏರಿದ್ದಕ್ಕ ಹಿಗ್ಗಬ್ಯಾಡ್ರಿ. ಸಣ್ಣ ಜ್ವರ ಬಂದ್ರೂ ಈ ಅಂಕಿ ಇಳಿತೈತಿ. ನಾಕೈದ ಸಲ ನೋಡಿದ ಮ್ಯಾಲ ಖರೆ ಪರಿಸ್ಥಿತಿ ತಿಳಿತೈತಿ."

ಸಮಾಧಾನವಾಗಬೇಕಿತ್ತು. ಆದರೆ ನನ್ನ ತಪ್ಪಿನ ಪ್ರಶ್ನೆಯನ್ನು ಅವಳ ಬಾಯಿಂದ ಕೇಳಿಸಿದೆನಲ್ಲ ಎಂದು ತಲೆ ಎತ್ತಲಾಗಲಿಲ್ಲ.

ಹೊರಗೆ ಬಂದು, "ನಾನ ಕೇಳಬೇಕಿತ್ತು," ಎಂದೆ.

"ಹೌದ್ರಿ, ನೀವ ಕೇಳಬೇಕಿತ್ತು," ಎಂದಳು. ಮನೆ ಮುಟ್ಟುವವರೆಗೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.