ಕೆಮುಂಟೊಳ ಎಪ್ಪತ್ತಾರು ಡಿಗ್ರಿ

ಬೂಟಿನ ಡಬ್ಬಿಯಷ್ಟು ಪುಟ್ಟ ಕಂಪ್ಯೂಟರು ಬೇಕು, ಅದರೊಳಗೆ ಎಲ್ಲಕ್ಕಿಂತ ದೊಡ್ಡ ಗ್ರಾಫಿಕ್ಸ್ ಕಾರ್ಡು ತುರುಕಬೇಕು, ಅದು ಬಿಸಿ ಮಾತ್ರ ಆಗಬಾರದು ಎನ್ನುವ ಗಿರಾಕಿಗಳನ್ನು ಕಂಡರೆ ನನಗೆ ಅಸಹ್ಯ. ನೈರೋಬಿಯ ಲುಥುಲಿ ಬೀದಿಯಲ್ಲಿ ಹನ್ನೊಂದು ವರ್ಷದಿಂದ ವೈರು, ಪ್ಲಗ್ಗು ಮಾರುತ್ತ ಕೂತಿದ್ದೇನೆ. ಇಂಥವರು ದಿನಕ್ಕೆ ನಾಲ್ಕು ಜನ ಬರುತ್ತಾರೆ. ಅವರನ್ನು ಸಹಿಸಿಕೊಳ್ಳುವವಳು ನನ್ನ ಪಕ್ಕದ ಮೇಜಿನಲ್ಲಿ ಕಂಪ್ಯೂಟರು ಕಟ್ಟಿಕೊಡುವ ಕೆಮುಂಟೊ.

ಕೆಮುಂಟೊ ಪಶ್ಚಿಮದ ಕಿಸಿ ಊರಿನ ಕಡೆಯವಳು, ಮಾತು ಕಡಿಮೆ. ವರ್ಷಗಟ್ಟಲೆ ಹಗಲೂ ರಾತ್ರಿ ದುಡಿದು ಸುಟ್ಟು ಹೋದ ಹಳೇ ಕಾರ್ಡುಗಳನ್ನು ನಮ್ಮ ಬೀದಿಯ ಉಳಿದವರು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಹೊಸದೆಂದು ಮಾರಿ, ಭಾನುವಾರ ಬಿಳಿ ಅಂಗಿ ತೊಟ್ಟು ಚರ್ಚಿಗೆ ಹೋಗುತ್ತಾರೆ. ಇವಳು ಅಂಥದ್ದನ್ನು ಮುಟ್ಟುವುದಿಲ್ಲ. ಕಟ್ಟಿದ ಪ್ರತಿ ಯಂತ್ರದಲ್ಲೂ ಎರಡು ಗಂಟೆ ಕಂಪ್ಯೂಟರ್ ಆಟ ಓಡಿಸಿ, ಕಾರ್ಡು ಎಷ್ಟು ಡಿಗ್ರಿಗೆ ನಿಂತಿತೋ ಅದನ್ನು ಟೇಪಿನ ಮೇಲೆ ಬರೆದು ಪೆಟ್ಟಿಗೆಯ ತಳಕ್ಕೆ ಅಂಟಿಸುತ್ತಾಳೆ.

"ವೇಗ ಏರಿಸೋದು ಯಾರಿಗಾದ್ರೂ ಬರುತ್ತಣ್ಣ," ಎನ್ನುತ್ತಿದ್ದಳು. "ಕಾರ್ಡಿಗೆ ಹೋಗೋ ಕರೆಂಟು ಚೂರೇ ಚೂರು ಇಳಿಸಿ, ವೇಗ ಬೀಳದ ಹಾಗೆ ಬಿಸಿ ಇಳಿಸ್ಬೇಕು. ಅದು ಕೆಲಸ."

ಮ್ವೇಂದ್ವಾ ಎಂಬ ಇಪ್ಪತ್ತಾರರ ಯುವಕನಿಗೆ ಕೊಟ್ಟ ಪೆಟ್ಟಿಗೆಯ ತಳದಲ್ಲಿ ಎಪ್ಪತ್ತಾರು ಎಂದಿತ್ತು. ಮೂರು ವಾರಕ್ಕೆ ಅವನು ನಾನೂರು ಆಟಗಾರರಿರುವ ವಾಟ್ಸಾಪ್ ಗುಂಪಿನಲ್ಲಿ ಬರೆದ: ಕೆಮುಂಟೊ ನನಗೆ ಸುಟ್ಟ ಕಾರ್ಡು ಕಟ್ಟಿದ್ದಾಳೆ, ಕಳ್ಳಿ. ಅವಳಿಗೆ ಎಂಟು ಯಂತ್ರ ಕಟ್ಟಲು ಹೇಳಿದ್ದ ಕಂಪ್ಯೂಟರ್ ಆಟದ ಅಂಗಡಿಯವನು ಅದೇ ಮಧ್ಯಾಹ್ನ "ಸ್ವಲ್ಪ ತಡೀರಿ" ಎಂದ. ನಮ್ಮ ಬೀದಿಯಲ್ಲಿ ಒಮ್ಮೆ ಕಳ್ಳಿ ಎನಿಸಿಕೊಂಡರೆ ಮೇಜು ಮಡಚಿಕೊಂಡು ಊರಿಗೆ ಹೋಗುವುದೇ.

ಶನಿವಾರ ಕೆಮುಂಟೊ, ನಾನು ಮ್ವೇಂದ್ವಾನ ಮನೆಗೆ ಹೋದೆವು. ಬಾಗಿಲು ತೆರೆದದ್ದು ತಾಯಿ, ಶಿಶುವಿಹಾರದ ನಿವೃತ್ತ ಮೇಡಮ್ಮು; ಮಾಮಾ ಎಂದರೆ ನಮ್ಮಲ್ಲಿ ಅಮ್ಮ, ಆಕೆಯನ್ನು ಎಲ್ಲರೂ ಮಗನ ಹೆಸರು ಸೇರಿಸಿ ಮಾಮಾ ಮ್ವೇಂದ್ವಾ ಎನ್ನುತ್ತಾರೆ. ಮಹಿಳಾ ಸಂಘದ ಚೀಟಿ ಹಣ ತನ್ನ ಸರದಿಗೆ ಬಂದಾಗ ಮಗನಿಗೆ ಆ ಯಂತ್ರ ಕೊಡಿಸಿದಾಕೆ. ಸೋಫಾ, ಟಿವಿ, ಫ್ರಿಜ್ಜು, ಫ್ಲಾಸ್ಕು, ಎಲ್ಲದರ ಮೇಲೂ ಆಕೆಯೇ ಹೆಣೆದ ಕ್ರೋಶಾ ಬಟ್ಟೆ. ಕಂಪ್ಯೂಟರಿನ ಮೇಲೂ ಒಂದು, ಗುಲಾಬಿ ಬಣ್ಣದ್ದು, ಎರಡೂ ಬದಿಯ ಗಾಳಿಕಿಂಡಿ ಮುಚ್ಚುವಷ್ಟು ಅಗಲ. ಒಳಗೆ ಫ್ಯಾನು ಊಳಿಡುತ್ತಿತ್ತು.

ನಮ್ಮಲ್ಲಿ ಚಹಾ ಮುಗಿಯುವ ಮೊದಲು ಯಾರೂ ಮನೆಯೊಡತಿಯ ಬಟ್ಟೆ ಸರಿಸುವುದಿಲ್ಲ. ಕೆಮುಂಟೊ ಆ ಗುಲಾಬಿ ಬಟ್ಟೆಯನ್ನೇ ನೋಡುತ್ತ ಕುದಿಯುವ ಚಹಾ ಗುಟುಕರಿಸಿದಳು. ಮ್ವೇಂದ್ವಾ ಆಟ ಓಡಿಸಿ ತೋರಿಸಿದ. ತೊಂಬತ್ತೇಳು ಡಿಗ್ರಿ. ಬಿಸಿ ತಾಳದ ಕಾರ್ಡು ತಾನೇ ವೇಗ ಇಳಿಸಿಕೊಂಡಿತು, ಪರದೆಯ ಮೇಲೆ ಓಡುತ್ತಿದ್ದವನು ಕುಂಟತೊಡಗಿದ.

"ನೋಡಿದ್ಯಾ ನಿನ್ನ ಕೆಲ್ಸ?" ಎಂದ.

ಕಪ್ಪು ಕೆಳಗಿಟ್ಟು ಕೆಮುಂಟೊ ಕೇಳಿದಳು: "ಮಾಮಾ, ಈ ಬಟ್ಟೆ ಸ್ವಲ್ಪ ತೆಗೀಲಾ? ಗಾಳಿ ಆಡ್ಲಿ."

ಅಷ್ಟು ಸಾಕಾಯಿತು ಅವನಿಗೆ. "ಓ, ಬಟ್ಟೆನಾ! ಅಮ್ಮಂದೇ ಎಲ್ಲಾ! ಸಿಕ್ಕಿದ್ದಕ್ಕೆಲ್ಲಾ ಲಂಗ ಹಾಕ್ತಾಳೆ!"

"ಧೂಳು ಕೂರುತ್ತಲ್ಲಾ ಅಂತ ಹಾಕ್ದೆ ಮಗಳೇ," ಎಂದಳು ಆ ತಾಯಿ. ಎದ್ದು ಟಿವಿಯ ಮೇಲಿನದ್ದನ್ನೂ ಫ್ರಿಜ್ಜಿನ ಮೇಲಿನದ್ದನ್ನೂ ತೆಗೆದು ಮಡಚತೊಡಗಿದಳು. ಅವನು ಕಾಲಿನ ಮೇಲೆ ಕಾಲು ಹಾಕಿ ಫೋನು ನೋಡುತ್ತಿದ್ದ.

ಬಟ್ಟೆ ತೆಗೆದ ಮೇಲೆ ತೊಂಬತ್ತಕ್ಕೆ ನಿಂತಿತು. ಕೆಮುಂಟೊ ಕಾರ್ಡಿನ ಸೆಟ್ಟಿಂಗು ತೆರೆದಳು. ಅವಳು ಇಳಿಸಿಟ್ಟದ್ದನ್ನೆಲ್ಲ ಅವನು ಅಳಿಸಿ, ಕರೆಂಟನ್ನೂ ವೇಗವನ್ನೂ ತುದಿ ಮುಟ್ಟುವ ತನಕ ಏರಿಸಿದ್ದ. ಎಲ್ಲವನ್ನೂ ಮೊದಲಿನಂತೆ ಮಾಡಿ, ಆಟ ಓಡಿಸಿ, ಅರ್ಧ ಗಂಟೆ ಕಾದಳು. ಎಪ್ಪತ್ತಾರು.

"ಮಾಮಾ, ಬಟ್ಟೆ ಮಡಚ್ಬೇಡಿ," ಎಂದಳು. "ನಿಮ್ಮ ಬಟ್ಟೇದು ಏಳು ಡಿಗ್ರಿ. ಇವಂದು ಹದಿನಾಲ್ಕು."

"ಎಲ್ರೂ ಏರಿಸ್ತಾರಪ್ಪ," ಎಂದು ಅವನು ಗೊಣಗಿದ.

"ಗುಂಪಲ್ಲಿ ತಪ್ಪಾಯ್ತು ಅಂತ ಬರಿ," ಎಂದಳು ತಾಯಿ. "ಈಗ್ಲೇ. ಬರ್ದು ನಂಗೆ ಓದಿ ಹೇಳು."

ಅವನು ಬರೆದ. ಮಗ್ಗಿ ಒಪ್ಪಿಸುವವನಂತೆ ಓದಿದ: "ತಪ್ಪು ನಂದೇ. ಕೆಮುಂಟೊ ಕೊಟ್ಟ ಕಾರ್ಡು ಚೆನ್ನಾಗಿದೆ." ತಾಯಿ ಸಮಾಧಾನದಿಂದ ತಲೆಯಾಡಿಸಿದಳು.

ಕೆಮುಂಟೊಳ ಫೋನು ಸದ್ದು ಮಾಡಿತು. ನೋಡಿ ನನ್ನತ್ತ ಹಿಡಿದಳು. ಗುಂಪಿನಲ್ಲಿ ಅವನು ಬರೆದಿದ್ದೇ ಬೇರೆ: "ಕಳ್ಳಿ ಮನೆಗೇ ಬಂದು ಅಮ್ಮನ ಬಟ್ಟೆ ಮೇಲೆ ತಪ್ಪು ಹಾಕಿದಳು." ಇಪ್ಪತ್ತು ಜನ ಆಗಲೇ ನಕ್ಕಿದ್ದರು. ಹೆತ್ತವಳ ಎದುರಿಗೇ ಕೂತು, ಅವಳ ಕಣ್ಣಿಗೆ ಮಣ್ಣೆರಚುವ ಇಂಥ ಹೇಸಿಗೆಯನ್ನು ನಮ್ಮ ಬೀದಿಯ ಕಳ್ಳರಲ್ಲೂ ನಾನು ಕಂಡಿಲ್ಲ.

ಕೆಮುಂಟೊ ಒಂದು ಗಳಿಗೆ ಆ ತಾಯಿಯ ಮುಖ ನೋಡಿದಳು. ಸುಮ್ಮನಿದ್ದರೆ ಆಕೆಯ ನೆಮ್ಮದಿ ಉಳಿಯುತ್ತಿತ್ತು, ಇವಳ ಅನ್ನ ಹೋಗುತ್ತಿತ್ತು. ಫೋನನ್ನು ಆಕೆಯ ಕೈಗೆ ಕೊಟ್ಟಳು.

ಮೇಡಮ್ಮು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಬಯ್ಯಲಿಲ್ಲ. ಮಗನ ಕೈಯಿಂದ ಅವನ ಫೋನು ತೆಗೆದುಕೊಂಡು, ದನಿ ಕಳಿಸುವ ಗುಂಡಿ ಒತ್ತಿ ಹಿಡಿದು, ತರಗತಿಗೆ ಹೇಳುವ ದನಿಯಲ್ಲಿ ಗುಂಪಿಗೆ ಹೇಳಿದಳು: "ನಾನು ಮ್ವೇಂದ್ವಾನ ತಾಯಿ. ಯಂತ್ರ ಕೊಡಿಸಿದ್ದು ನಾನು. ಮೇಲೆ ಬಟ್ಟೆ ಹಾಕಿದ್ದೂ ನಾನೇ. ವೇಗ ಏರಿಸಿ ಬಿಸಿ ಮಾಡಿದವನು ನನ್ನ ಮಗ, ಸುಳ್ಳು ಬರೆದವನೂ ಅವನೇ. ಕೆಮುಂಟೊ ಕಳ್ಳಿ ಅಲ್ಲ."

ಆಮೇಲೆ ಯಂತ್ರದ ಪ್ಲಗ್ಗು ಕಿತ್ತು ಕೆಮುಂಟೊಳ ಕಡೆ ತಿರುಗಿದಳು.

"ಇದು ತಣ್ಣಗಾಗೋಕೆ ಎಷ್ಟು ಹೊತ್ತು ಬೇಕು ಮಗಳೇ?"

"ಹತ್ತು ನಿಮಿಷ ಮಾಮಾ."

"ಹಂಗಾದ್ರೆ ಇನ್ನೊಂದು ಕಪ್ ಚಹಾ ಕುಡಿ. ಆಮೇಲೆ ತಗೊಂಡು ಹೋಗಿ ಬೇರೆ ಯಾರಿಗಾದ್ರೂ ಮಾರು."