ಟವೆಲಿನ ಒಳಗಿನ ಕೈ

ಈ ಅನುಭವಕ್ಕೆ ನಾನು ತೆತ್ತದ್ದೇನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಹೊಸ ಟವೆಲ್, ಒಂದು ಟ್ಯಾಂಕ್ ಪೆಟ್ರೋಲ್ ಮತ್ತು ದಾರಿಯ ನಾಕಾದಲ್ಲಿ ತೊಡೆಗೆ ಬಿದ್ದ ಲಾಠಿಯ ಒಂದು ಏಟು. ಪೆಟ್ರೋಲ್ ಸುಟ್ಟದ್ದು ಅವ್ವನಿಗಾಗಿ. ಟವೆಲನ್ನು ರೋಗದ ಹೆದರಿಕೆಯಿಂದ ನಾನೇ ಸುಟ್ಟೆ. ಏಟು ತಿಂದದ್ದು ಮಾತ್ರ ಪೊಲೀಸರ ಜೊತೆ ಚೌಕಾಸಿಗೆ ಇಳಿದ ತಪ್ಪಿಗೆ. ಲಾಠಿ ಎತ್ತಿದವನ ಹತ್ತಿರ ಚೌಕಾಸಿ ನಡೆಯುವುದಿಲ್ಲ, ನೆನಪಿಡಿ.

ನಾನು ದನದ ದಲ್ಲಾಳಿ. ಸವಣೂರಿನಲ್ಲಿ ಸ್ವಂತ ಮನೆ ಕಟ್ಟಿದ್ದು ಇದೇ ಕಸುಬಿನಿಂದ. ದೆವ್ವ, ಗಾಳಿ, ಸೂಚನೆ ಇಂಥವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಹಲ್ಲು ಎಣಿಸಿ, ಸುಳಿ ನೋಡಿ, ನಡೆಸಿ ನೋಡಿ ಎತ್ತು ಕೊಳ್ಳುವವನಿಗೆ ಕಣ್ಣಿಗೆ ಕಾಣದ್ದರ ಮೇಲೆ ಭರವಸೆ ಇರುವುದಿಲ್ಲ. ಈಗಲೂ ಅಷ್ಟೇನೂ ಬದಲಾಗಿಲ್ಲ. ಆದರೆ ಆ ಒಂದು ಮಧ್ಯಾಹ್ನದ ಲೆಕ್ಕ ಮಾತ್ರ ಇನ್ನೂ ಹೊಂದಿಲ್ಲ.

ನಮ್ಮ ವ್ಯಾಪಾರದ ರೀತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಸಂತೆಯಲ್ಲಿ ದನದ ದರವನ್ನು ನಾವು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಹಾಸಿ, ಒಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನನಗೆ ಈ ವಿದ್ಯೆ ಕಲಿಸಿದವರು ಇಮಾಮಸಾಬ ಕಾಕಾ. ದನದ ಮಾಲೀಕ ಎದುರಿಗೇ ನಿಂತಾಗ ದನ ರೋಗದ್ದು ಎಂದು ಬಾಯಿಬಿಟ್ಟು ಹೇಳಲಿಕ್ಕೆ ಆಗುತ್ತದೆಯೇ? ಅದಕ್ಕೆ ಕಾಕಾ ನಮ್ಮಿಬ್ಬರ ನಡುವೆ ಒಂದು ಗುಟ್ಟು ಇಟ್ಟಿದ್ದರು. ಕಿರುಬೆರಳ ತುದಿ ಚಿವುಟಿದರೆ, ರೋಗ ಇದೆ, ಬಿಡು. ಅಂಗೈಯ ನಡುವೆ ಉಗುರಿನಿಂದ ಉದ್ದಕ್ಕೆ ಗೀರಿದರೆ, ರೋಗ ಇಲ್ಲ, ಹಿಡಿ. ನಮ್ಮ ಪಾಲುದಾರಿಕೆ ನಡೆದಷ್ಟು ವರ್ಷವೂ ಇದು ಮೂರನೆಯವರಿಗೆ ತಿಳಿಯಲಿಲ್ಲ. ಕೊರೋನಾ ಎಂಬ ಹೆಸರು ನಮ್ಮ ಕಿವಿಗೆ ಬೀಳುವ ಮೊದಲೇ ಕಾಕಾ ತೀರಿಕೊಂಡಿದ್ದರು. ಮಣ್ಣಿಗೆ ನಾನೂ ಹೋಗಿದ್ದೆ.

ಆಮೇಲೆ ರೋಗ ಬಂತು. ಮೊದಮೊದಲು ನಾವೆಲ್ಲ ಅದನ್ನು ಟಿವಿಯೊಳಗಿನ ರೋಗ ಎಂದುಕೊಂಡಿದ್ದೆವು. ಬಿಸಿಲು ಏರಿದರೆ ತಾನೇ ಸಾಯುತ್ತದೆ ಎಂದರು, ಬೇವಿನೆಲೆ ತಿಂದರೆ ಬರುವುದಿಲ್ಲ ಎಂದರು. ಕೋಳಿಯಿಂದ ಬರುತ್ತದೆಂದು ಕೋಳಿ ಬಿಟ್ಟವರೂ ಇದ್ದರು. ಬಿಸಿಲು ಏರಿತು, ರೋಗ ಸಾಯಲಿಲ್ಲ. ಸಂತೆಗಳು ನಿಂತವು. ಖಾರದ ತಿಂಡಿಯ ಅಂಗಡಿಗಳು ಬಾಗಿಲು ಹಾಕಿದವು, ವೀಳ್ಯದೆಲೆ ಒಯ್ಯುವವರಿಲ್ಲದೆ ಎಲೆಬಳ್ಳಿ ತೋಟಗಳಲ್ಲಿ ಎಲೆ ಹಣ್ಣಾಗಿ ಉದುರಿತು. ಹಳ್ಳಿಹಳ್ಳಿಯ ಬಾಯಿಗೆ ಜಾಲಿಮುಳ್ಳಿನ ಬೇಲಿ ಬಿತ್ತು.

ಅಂಥದರಲ್ಲಿ ಒಂದು ಮುಂಜಾನೆ ಅಬಲೂರಿನಿಂದ ನನ್ನ ತಮ್ಮ ಶಿವಪ್ಪ ಫೋನ್ ಮಾಡಿದ. ಅವ್ವ ಇದ್ದದ್ದು ಅವನ ಮನೆಯಲ್ಲೇ.

“ಅಣ್ಣಾ, ಅವ್ವಗ ಜ್ವರ ಇಳಿವಲ್ದು. ಗಂಟಲಿಂದು ತಗೊಂಡು ಹೋಗ್ಯಾರ, ರಿಪೋರ್ಟ್ ಬಂದಿಲ್ಲ. ಊರಾನವರು ಹೊಲದ ಮನ್ಯಾಗ ಇಡ್ರಿ ಅಂದ್ರು, ಇಟ್ಟೇವಿ. ಊಟ ಬಾಗಲದಾಗ ಇಟ್ಟು ಬರ್ತೇವಿ.”

ನನ್ನ ತೊಂದರೆ ಏನೆಂದರೆ, ಮಗಳು ಹೆರಿಗೆಗೆ ಬಂದಿದ್ದಳು. ತುಂಬಿದ ತಿಂಗಳು. ಹೆಂಡತಿ ನನ್ನ ಗಾಡಿಗೆ ಚೀಲ ಕಟ್ಟುತ್ತಲೇ ಹೇಳಿದಳು: “ಹೋಗಬ್ಯಾಡ್ರಿ ಅನ್ನಂಗಿಲ್ಲ, ಅವರು ನನಗೂ ಅತ್ತಿ ಆಗಬೇಕು. ಆದ್ರ ದೂರ ನಿಂತು ಹಣ್ಣು ಗುಳಿಗಿ ಕೊಟ್ಟು ಬರ್ರಿ. ಆ ಬಾಗಲಾ ದಾಟಿದ್ರ ಈ ಹೊಸ್ತಲಾ ದಾಟಬ್ಯಾಡ್ರಿ.”

ನ್ಯಾಯದ ಮಾತು. ನಾನೂ ಹಾಗೆಯೇ ಎಂದುಕೊಂಡು ಹೊರಟೆ. ನಾಕಾದಲ್ಲಿ ಆ ಏಟು ತಿಂದ ಮೇಲೆ ಶಿಗ್ಗಾಂವಿ ಕಡೆಯ ದೊಡ್ಡ ರಸ್ತೆ ಬಿಟ್ಟು ಒಳದಾರಿ ಹಿಡಿದೆ.

ಆಡೂರು ದಾಟಿದ ಮೇಲೆ ರಸ್ತೆಯ ಬದಿಗೆ ಒಂದು ದೊಡ್ಡ ಬೇವಿನ ಮರ. ದನ ಹೊಡೆದುಕೊಂಡು ಹೋಗುವಾಗ ನಾನೂ ಕಾಕಾನೂ ಅಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಗಾಡಿ ನಿಲ್ಲಿಸಿದೆ. ನಡುಮಧ್ಯಾಹ್ನ, ರಸ್ತೆಯ ಮೇಲೆ ಒಂದು ನಾಯಿಯೂ ಇಲ್ಲ. ಮರದ ಆಚೆ ಬದಿಗೆ ಒಬ್ಬ ಮುದುಕ ಕೂತಿದ್ದ. ಕಣ್ಣೊಂದು ಬಿಟ್ಟು ಉಳಿದ ಮುಖವೆಲ್ಲ ರುಮಾಲಿನಿಂದ ಸುತ್ತಿತ್ತು. ಆಗ ಎಲ್ಲರೂ ಹಾಗೆಯೇ ಇದ್ದೆವು, ಅದರಲ್ಲಿ ವಿಶೇಷವಿಲ್ಲ.

“ಯಾವ ಸಂತಿಗೆ ಹೊಂಟೀರಿ?” ಎಂದ.

“ಸಂತಿ ಎಲ್ಲೈತ್ರಿ ಯಜಮಾನ್ರ, ಎಲ್ಲಾ ಬಂದ್.”

“ಬಂದ್ ಆದ್ರ ಕೈಯೂ ಬಂದ್ ಏನು? ಟವೆಲ್ ಹಾಸ್ರಿ.”

“ಬ್ಯಾಡ್ರಿ, ರೋಗ ಐತಿ.”

“ಯಾರಿಗೈತಿ?” ಎಂದು ನಕ್ಕು, ಕೈ ಚಾಚಿದ.

ದಲ್ಲಾಳಿಯ ಕೈ ನಾಯಿಯ ಬಾಲ ಇದ್ದಂತೆ, ಯಜಮಾನನ ಮಾತು ಕೇಳುವುದಿಲ್ಲ. ನಾನು ಬೇಡ ಬೇಡ ಎನ್ನುತ್ತಲೇ ಹೆಗಲ ಮೇಲಿನ ಟವೆಲ್ ಹಾಸಿದ್ದೆ. ಒಳಗೆ ಬಂದ ಕೈ ಒರಟಾಗಿತ್ತು, ಹೆಬ್ಬೆರಳ ಬುಡದಲ್ಲಿ ಹಗ್ಗ ಹಿಡಿದು ಬಿದ್ದ ಗಂಟು ಇತ್ತು. ಯಾವ ಬೆರಳನ್ನೂ ಅದು ಹಿಡಿಯಲಿಲ್ಲ, ದರ ಹೇಳಲಿಲ್ಲ. ನನ್ನ ಅಂಗೈಯ ನಡುವೆ ಉಗುರಿನಿಂದ ಉದ್ದಕ್ಕೆ, ನಿಧಾನವಾಗಿ, ಒಂದು ಗೀರು ಎಳೆಯಿತು.

ರೋಗ ಇಲ್ಲ, ಹಿಡಿ. ಕಾಕಾನ ಗುಟ್ಟು. ಮುದುಕ ಎದ್ದು, ಹೊಲದ ಬದುವಿನ ಮೇಲೆ ನಡೆದು, ಜೋಳದ ಕಣಿಕೆಯ ಬಣವೆಯ ಹಿಂದೆ ಮರೆಯಾದ. ನಾನು ಓಡಿದೆ. ಬಣವೆಯ ಹಿಂದೆ ಯಾರೂ ಇರಲಿಲ್ಲ. ಅತ್ತ ಹಳ್ಳಿಯ ಬೇಲಿ ಕಾಯುತ್ತಿದ್ದವನನ್ನು ಕೂಗಿ ಕೇಳಿದೆ. “ಮುಂಜಾನಿಂದ ಈ ಹಾದ್ಯಾಗ ನೀವ ಮೊದಲನೇದವರು ನೋಡ್ರಿ. ಬಿಸಲು ಬಡದೈತೇನ?” ಎಂದ. ಮರಳಿ ಬಂದು ಮೊದಲು ಮಾಡಿದ ಕೆಲಸವೆಂದರೆ, ಚೀಲದಲ್ಲಿದ್ದ ಸಾಬೂನು ಹಚ್ಚಿ ಕೈ ತೊಳೆದದ್ದು. ಸತ್ತವರ ಕೈಯೋ ಬದುಕಿದ್ದವರ ಕೈಯೋ, ಮುಟ್ಟಿದ್ದಂತೂ ನಿಜ. ಟವೆಲ್ ಅಲ್ಲೇ ಸುಟ್ಟೆ.

ಅಬಲೂರಿನ ಹೊಲದ ಮನೆಯ ಮುಂದೆ ಶಿವಪ್ಪ ದೂರ ನಿಂತಿದ್ದ. ಬಾಗಿಲಲ್ಲಿ ತಟ್ಟೆಗಳು ಇದ್ದವು. ನಿನ್ನೆಯದು, ಇವತ್ತಿನದು. ಎರಡರಲ್ಲೂ ರೊಟ್ಟಿ ಹಾಗೇ ಇತ್ತು, ಇರುವೆ ಮುತ್ತಿದ್ದವು. ನೀರಿನ ತಂಬಿಗೆ ತುಂಬಿಯೇ ಇತ್ತು.

“ಬಾಯಿ ಕೆಟ್ಟೈತಿ, ಉಣವಲ್ಲಳು ಅನ್ಕೊಂಡೇವಿ,” ಎಂದ ಶಿವಪ್ಪ. ಅವ್ವನಿಗೆ ಎದ್ದು ಬಾಗಿಲ ತನಕ ಬರಲು ಆಗಿಲ್ಲ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಹಣ್ಣಿನ ಚೀಲ ಕೈಯಲ್ಲೇ ಹಿಡಿದು ನಾನು ನಿಂತೆ. ಒಳಗೆ ಅವ್ವ, ಹಿಂದೆ ಮಗಳು. ಅಂಗೈ ಇನ್ನೂ ಚುರುಚುರು ಎನ್ನುತ್ತಿತ್ತು. ಮುಖಕ್ಕೆ ಎರಡು ಸುತ್ತು ಬಟ್ಟೆ ಕಟ್ಟಿ ಬಾಗಿಲು ದಾಟಿದೆ.

“ಯಾರದು? ನೀನಾ? ದೂರ ನಿಂದ್ರೋ, ಮನ್ಯಾಗ ಬಸರಿ ಮಗಳನ್ನ ಇಟಗೊಂಡಿ,” ಎಂದಳು ಅವ್ವ. ದನಿ ಇರಲಿಲ್ಲ, ಉಸಿರಿನಲ್ಲೇ ಬೈದಳು.

“ನೀರ ಕುಡಿ ಮೊದಲ. ಬೈಯೂದು ಆಮ್ಯಾಲ ಬೈಯುವಂತಿ.”

ಸಕ್ಕರೆ, ಉಪ್ಪು ಹಾಕಿದ ನೀರನ್ನು ಚಮಚದಲ್ಲಿ ಕುಡಿಸುತ್ತ ಆಂಬುಲೆನ್ಸಿಗೆ ಫೋನ್ ಮಾಡಿಸಿದೆ. ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದ ಡಾಕ್ಟರು, ಮೈಯಲ್ಲಿ ನೀರೇ ಉಳಿದಿಲ್ಲ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು. ರಿಪೋರ್ಟ್ ಬರುವ ತನಕ ನಾನು ಸವಣೂರಿನ ಕಡೆ ತಲೆ ಹಾಕಲಿಲ್ಲ, ಅದೇ ಹೊಲದ ಮನೆಯಲ್ಲಿ ಒಬ್ಬನೇ ಇದ್ದೆ. ಬಂತು. ಆ ರೋಗ ಅಲ್ಲ, ಟೈಫಾಯ್ಡ್. ಅವತ್ತು ನಾನು ಬಿಟ್ಟ ಉಸಿರು ಹಾನಗಲ್‌ವರೆಗೂ ಕೇಳಿಸಿರಬೇಕು. ಅವ್ವ ಈಗಲೂ ಗಟ್ಟಿಯಾಗಿದ್ದಾಳೆ. ಮೊಮ್ಮಗಳಿಗೆ ಹುಟ್ಟಿದ ಗಂಡು ಕೂಸನ್ನು ತೊಡೆಯ ಮೇಲೆ ಆಡಿಸಿದ್ದಾಳೆ, ಕಾಯಿಪಲ್ಲೆಯವಳ ಜೊತೆ ನನಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾಳೆ.

ಆ ಮುದುಕ ಯಾರು? ಬಿಸಿಲಿನ ಭ್ರಮೆ ಎನ್ನೋಣವೆಂದರೆ ಅಂಗೈಯ ಗೀರು ಸಂಜೆಯ ತನಕ ಕೆಂಪಗಿತ್ತು. ಕಾಕಾ ಆ ಗುಟ್ಟನ್ನು ಇನ್ನೊಬ್ಬ ಶಿಷ್ಯನಿಗೂ ಕಲಿಸಿದ್ದರೇ? ಇರಬಹುದು. ಹಾಗಾದರೆ ಅವ್ವನ ಸುದ್ದಿ ಅವನಿಗೆ ಹೇಗೆ ಗೊತ್ತು? ಅಥವಾ ಉಗುರು ಸುಮ್ಮನೆ ತಾಕಿತೇ? ಆ ಮರದ ಕೆಳಗೆ ಆಮೇಲೆ ಎಷ್ಟೋ ಸಲ ಕೂತೆ. ಯಾರೂ ಬರಲಿಲ್ಲ.

ಇದನ್ನು ಓದಿ ಯಾರೂ ರೋಗಕ್ಕೆ ಹೆದರದೆ ನುಗ್ಗಬೇಡಿ. ಮತ್ತೆ ಅಂಥದ್ದೊಂದು ಬಂದರೆ ಮುಖಕ್ಕೆ ಬಟ್ಟೆ ಕಟ್ಟಿ, ಕೈ ತೊಳೆಯಿರಿ, ಡಾಕ್ಟರ ಮಾತು ಕೇಳಿ. ಮನೆಯಲ್ಲಿ ಬಸುರಿ ಇದ್ದರೆ ನನ್ನ ಹೆಂಡತಿಯ ಮಾತನ್ನೂ ಕೇಳಿ. ಜ್ವರ ಬಂದವರಿಗೆ ಊಟವನ್ನು ದೂರದಲ್ಲೇ ಇಡಿ, ಅಡ್ಡಿಯಿಲ್ಲ. ಆದರೆ ಇಟ್ಟು ಬೆನ್ನು ತಿರುಗಿಸಬೇಡಿ, ತಟ್ಟೆ ಖಾಲಿಯಾಯಿತೋ ಇಲ್ಲವೋ ನೋಡಿಕೊಂಡು ಬನ್ನಿ.